ಪೂಜೆಯ ಬಣ್ಣದ ಕೆಳಗಿನ ಬಿರುಕು

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಜುಗೂಳದ ವೆಲ್ಡರ್ ಜ್ಞಾನದೇವ ತನ್ನ ಶೆಡ್ಡಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ದನದ ಕೊಟ್ಟಿಗೆಯ ಗೇಟಿಗೆ ಹಾಕಿದ ಬೆಸುಗೆಯ ಮೇಲಿನ ಕರಿ ಪೊರೆಯನ್ನು ಸಣ್ಣ ಸುತ್ತಿಗೆಯಿಂದ ಕುಟ್ಟಿ ತೆಗೆಯುತ್ತಿದ್ದ. ಆಗ ಸುದ್ದಿ ಬಂತು. ಹೊಳೆಯ ಏರಿನಲ್ಲಿ ಅಣ್ಣಾಸಾಬನ ಕಬ್ಬಿನ ಟ್ರೇಲರ್ ಟ್ರ್ಯಾಕ್ಟರಿನಿಂದ ಕಳಚಿ ಹಿಂದಕ್ಕೆ ಉರುಳಿದೆ. ಹಿಂದೆ ನಡೆದು ಬರುತ್ತಿದ್ದ, ಕಬ್ಬು ಕಡಿಯುವ ಸಿದರಾಯನ ಎಡಗಾಲು ಎರಡು ಕಡೆ ಮುರಿದಿದೆ. ಸುದ್ದಿಯ ಜೊತೆಗೇ ತೀರ್ಪೂ ಬಂದಿತ್ತು: ಜ್ಞಾನದೇವನ ವೆಲ್ಡಿಂಗ್ ಬಿಟ್ಟಿದೆ.

ಇಪ್ಪತ್ತೆರಡು ವರ್ಷಗಳಿಂದ ಈ ಊರಿನ ನೇಗಿಲು, ಗೇಟು, ಪಂಪಿನ ಪೈಪುಗಳನ್ನು ಕೂಡಿಸಿದ ಮನುಷ್ಯ ಆತ. ಕಾಗವಾಡದಿಂದಲೂ ಜನ ಟ್ರೇಲರ್ ತರುತ್ತಾರೆ. ಈ ಮಾತು ಒಮ್ಮೆ ಊರಲ್ಲಿ ಬೇರೂರಿಬಿಟ್ಟರೆ ಯಾರೂ ಬರುವುದಿಲ್ಲ. ತೀರ್ಪು ಕೊಟ್ಟವರಲ್ಲಿ ಒಬ್ಬನಾದರೂ ಬಗ್ಗಿ ಮುರಿದ ಕಬ್ಬಿಣವನ್ನು ನೋಡಿರಲಿಲ್ಲ.

ಆಯುಧಪೂಜೆಯ ಹಬ್ಬ ಖಂಡೆನವಮಿಯ ಮರುದಿನ ಅಣ್ಣಾಸಾಬ ಈ ಟ್ರೇಲರ್ ತಂದಿದ್ದ. ಟ್ರ್ಯಾಕ್ಟರಿಗೆ ಸಿಗಿಸುವ ಉದ್ದ ದಂಡದ ತುದಿಯ ಬಳೆ ಸಡಿಲಾಗಿತ್ತು. ದಂಡಕ್ಕೆ ಹಬ್ಬದ ದಪ್ಪ ಕೆಂಪು ಬಣ್ಣ, ಅದರ ಮೇಲೆ ಕುಂಕುಮ. ಬಣ್ಣ ಕೆರೆದು ದಂಡ ನೋಡಬೇಕೆಂದು ಜ್ಞಾನದೇವ ಹೇಳಿದ.

“ನಿನ್ನೆ ಪೂಜಿ ಮಾಡೇವಿ. ಕೆರದ ಅಪಶಕುನ ಮಾಡಬ್ಯಾಡ. ಬಳಿ ಅಷ್ಟ ಹಚ್ಚು.”

“ಒಳಗ ನೋಡದ ಹೆಂಗ ಹೇಳ್ಲಿರಿ, ಅಣ್ಣಾ?”

“ನೀ ಏನ್ ಡಾಕ್ಟರೇನ್? ಹಚ್ಚೋ ಮಾರಾಯಾ.”

ಹಚ್ಚಿದ. ಹಚ್ಚಬಾರದಿತ್ತೆಂದು ಇಂದಿಗೂ ಹೇಳುತ್ತಾನೆ. ಎಷ್ಟು ಭಾರಕ್ಕಿಂತ ಹೆಚ್ಚು ಹೇರಬಾರದೆಂದೂ ಅಂದು ಹೇಳಿದ್ದ. ಅಣ್ಣಾಸಾಬ ನಕ್ಕು ಟ್ರ್ಯಾಕ್ಟರ್ ಚಾಲೂ ಮಾಡಿದ್ದ.

ಈಗ ಜ್ಞಾನದೇವ ತಂತಿ ಬ್ರಷ್ಷು, ಅಳತೆಯ ಟೇಪು ಹಿಡಿದು ಏರಿಗೆ ಹೋದ. ಸಿದರಾಯನನ್ನು ಆಗಲೇ ದವಾಖಾನೆಗೆ ಒಯ್ದಿದ್ದರು. ಅಣ್ಣಾಸಾಬ, ಅವನ ಟ್ರ್ಯಾಕ್ಟರಿನ ಡ್ರೈವರ್, ಊರಿನ ಕೆಲವರು ಟ್ರೇಲರಿನ ಸುತ್ತ ನೆರೆದಿದ್ದರು. ಅವನ ಹೆಂಡತಿ ರುಕ್ಮವ್ವ ಬಟ್ಟೆಯ ಗಂಟು ಹಿಡಿದು ಗಾಡಿ ಕಾಯುತ್ತ ನಿಂತಿದ್ದಳು.

ಬೆಸುಗೆ ಇಡಿಯಾಗಿತ್ತು. ದಂಡ ಮುರಿದದ್ದು ಅಲ್ಲಿಂದ ಹನ್ನೊಂದು ಸೆಂಟಿಮೀಟರ್ ಆಚೆ. ಮುರಿದ ಮುಖದ ಮೂರರಲ್ಲಿ ಎರಡು ಭಾಗ ಹಳೆಯ ಕಂದು ತುಕ್ಕು. ಉಳಿದ ಒಂದು ಭಾಗ ಮಾತ್ರ ಆ ದಿನ ಮುರಿದ ಹೊಳಪು.

“ಇದು ನಂದು,” ಎಂದು ಬೆಸುಗೆಯ ಮೇಲೆ ಬೆರಳಿಟ್ಟ. “ಸುತ್ತಿಗಿ ತಗೊಂಡ ಬಿಡಸ್ರಿ ನೋಡೂಣು. ಇಲ್ಲಿ ತುಕ್ಕಿನ ಮ್ಯಾಲ ಕೆಂಪ ಐತಲ್ಲ, ಇದು ನಿಮ್ಮ ಹಬ್ಬದ ಬಣ್ಣ. ಬಿರಕಿನೊಳಗ ಹೆಂಗ ಹೋತ್ರಿ, ಅಣ್ಣಾ? ಮುರದ ಮ್ಯಾಲ ಬಂದ ಬಳದ್ರೇನು?”

ಯಾರೋ ನಕ್ಕರು. ಅಣ್ಣಾಸಾಬ ನಗಲಿಲ್ಲ.

“ಇಷ್ಟ ಗೊತ್ತಿದ್ದಾಂವ ಅವತ್ತ ಬಾಯಿಬಿಟ್ಟ ಹೇಳಬೇಕಾಗಿತ್ತು.”

 

ರುಕ್ಮವ್ವ ಮುಂದೆ ಬಂದಳು. “ಡ್ರೈವರಣ್ಣಾ, ನಿನ್ನಿ ಫ್ಯಾಕ್ಟರಿಗೆ ಹೋದ ಖೇಪಿನ ತೂಕದ ಚೀಟಿ ಓದು.”

ಡ್ರೈವರ್ ಅಂಗಿಯ ಕಿಸೆಯಿಂದ ಚೀಟಿ ತೆಗೆದ. “ಹದಿನಾಲ್ಕ ಟನ್.”

“ಇವತ್ತ?”

“ಅಷ್ಟ ಇದ್ದೀತು.”

ಅವಳು ಅಣ್ಣಾಸಾಬನ ಕಡೆ ತಿರುಗಿದಳು. “ನನ್ನ ಕಬ್ಬ ಕಡಿಯೂ ಕೊಯ್ತಾಕ ಹಿಡಿಕಿ ಹಚ್ಚಸಾಕ ಬಂದ ಅವತ್ತ ನಾ ಅಲ್ಲೇ ನಿಂತಿದ್ನಿ. ನೀವು ನಕ್ಕದ್ದೂ ನೋಡೇನಿ. ಇಂವ ಬಾಯಿಬಿಟ್ಟ ಹೇಳಿದ್ದು ಎಂಟ ಟನ್.”