ಬೆಳ್ಳಿಹಬ್ಬದ ಕುರ್ಚಿ

ಸನ್ಮಾನ ಮಾಡುವುದೆಂದರೆ ನಮ್ಮಲ್ಲಿ ಮೊದಲು ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸುತ್ತಾರೆ. ಹಾರ, ಶಾಲು, ಕೊನೆಗೆ ಮಡಿಲಿಗೊಂದು ಹಣ್ಣಿನ ಬುಟ್ಟಿ. ಬುಟ್ಟಿ ಬಂದ ಮೇಲೆ ಏಳಲು ಆಗುವುದಿಲ್ಲ. ಇದನ್ನು ಕಂಡುಹಿಡಿದವರು ಯಾರೋ, ಮನುಷ್ಯರನ್ನು ಕಟ್ಟಿಹಾಕುವುದು ಚೆನ್ನಾಗಿ ಗೊತ್ತಿದ್ದವರು.

ಪುತ್ತೂರು, ಸುಳ್ಯ, ಕಡಬದ ಫಿಸಿಯೋಥೆರಪಿಸ್ಟರು ಸೇರಿ ಕಟ್ಟಿಕೊಂಡ ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದಾಗ, ಪುತ್ತೂರಿನ ದರ್ಬೆಯ ಸಭಾಂಗಣದಲ್ಲಿ ಹಾಗೆ ಕೂತಿದ್ದವಳು ನಾನು. ಮರದಿಂದ ಬಿದ್ದವರ ಬೆನ್ನು, ರಬ್ಬರ್ ಟ್ಯಾಪಿಂಗ್ ಮಾಡುವವರ ಭುಜ ಒತ್ತಿ ಒತ್ತಿ ನನ್ನ ಎರಡೂ ಹೆಬ್ಬೆರಳಿನ ಬುಡ ಸವೆದುಹೋಗಿದೆ. ಇನ್ನೂ ಮುಂದುವರಿಸಿದರೆ ಲೋಟ ಹಿಡಿಯುವುದೂ ಕಷ್ಟ ಎಂದು ಮೂಳೆ ಡಾಕ್ಟರು ಹೇಳಿಯಾಗಿತ್ತು. ತಿಂಗಳ ಕೊನೆಗೆ, ಅಂದರೆ ಆ ಭಾನುವಾರಕ್ಕೇ, ಸುಳ್ಯದ ಕ್ಲಿನಿಕ್ ಮುಚ್ಚುವುದೆಂದು ನಾನೂ ಗಂಡನೂ ತೀರ್ಮಾನಿಸಿದ್ದೆವು. ಎಲ್ಲರೂ ಸೇರಿರುವಾಗ ವೇದಿಕೆಯಲ್ಲೇ ಹೇಳಿಬಿಡುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. ಮೂರನೇ ಸಾಲಿನಲ್ಲಿ ಅವರು ಅದಕ್ಕಾಗಿಯೇ ಕಾಯುತ್ತಿದ್ದರು.

ಕಾರ್ಯದರ್ಶಿ ಸನ್ಮಾನಪತ್ರ ಓದತೊಡಗಿದರು. 'ಮಾಂತ್ರಿಕ ಬೆರಳುಗಳ ಒಡತಿ' ಎಂದಾಗ ಚಪ್ಪಾಳೆ. 'ಕೊನೆಯುಸಿರಿನವರೆಗೂ ರೋಗಿಗಳ ಸೇವೆಗೆ ಮುಡಿಪಾದವರು' ಎಂದಾಗ ಇನ್ನೂ ಜೋರು ಚಪ್ಪಾಳೆ. ನನ್ನ ಕೊನೆಯುಸಿರನ್ನು ಇವರಿಗೆ ಬರೆದುಕೊಟ್ಟವರು ಯಾರು? ಮೈಯೆಲ್ಲ ಉರಿಯಿತು, ಮುಖ ಮಾತ್ರ ನಗುತ್ತಿತ್ತು. ನೋವು ಪತ್ತೆ ಹಚ್ಚುವುದೇ ಕಸುಬಾದ ಅಷ್ಟೊಂದು ಜನ ಎದುರಿಗಿದ್ದರು. ಬುಟ್ಟಿಯನ್ನು ನಾನು ಬೆರಳು ತಾಗಿಸದೆ ಮೊಣಕೈಯಲ್ಲಿ ತಡೆದುಕೊಂಡದ್ದು ಒಬ್ಬರಿಗೂ ಕಾಣಲಿಲ್ಲ.

ಆಮೇಲೆ ರೋಗಿಗಳ ಪರವಾಗಿ ಎರಡು ಮಾತಾಡಲು ಮಂಡೆಕೋಲು ಊರಿನವರೊಬ್ಬರನ್ನು ಕರೆದರು. ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ನನ್ನಲ್ಲೇ ಚಿಕಿತ್ಸೆಗೆ ಬರುವವರು. ವಾಕರ್ ಊರಿಕೊಂಡು ಮೆಲ್ಲಗೆ ಬಂದು ಮೈಕಿನ ಮುಂದೆ ನಿಂತರು.

"ನಂಗೆ ಭಾಷಣ ಎಲ್ಲ ಬರುದಿಲ್ಲ. ಈ ವಾಕರ್ ಬಿಟ್ಟು ನಡಿಬೇಕು ಅಂತ ಒಂದು ಆಸೆ ಉಂಟು. ಮೇಡಂ ಇದ್ದಾರಲ್ಲ, ಮತ್ತೆ ಎಂತ ಹೆದರಿಕೆ?" ಎಂದವರು ನನ್ನತ್ತ ತಿರುಗಿ, "ಸೋಮವಾರ ಬರುದಲ್ವಾ ಮೇಡಂ?" ಎಂದು ಕೇಳಿದರು.

ಅದೂ ಮೈಕಿನಲ್ಲಿ ಕೇಳಿಸಿ ಸಭೆಯೆಲ್ಲ ನಕ್ಕಿತು. ನಾನು ಮೂರನೇ ಸಾಲಿನ ಕಡೆ ನೋಡಲಿಲ್ಲ.

"ಬನ್ನಿ," ಎಂದೆ.

ಅವರ ಮುಖ ಅರಳಿತು. ಇನ್ನು ನನಗೆ ಬಿಡುಗಡೆಯಿಲ್ಲ ಎನಿಸಿತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಅದೂ ಆಗಲಿಲ್ಲ. ನನ್ನ ಸರದಿ ಬಂದಾಗ ಎಲ್ಲರಿಗೂ ಧನ್ಯವಾದ ಹೇಳಿ ಕೂತೆ.

ವಾಪಸು ಬರುವಾಗ ಕಾರು ಓಡಿಸಿದ್ದು ಗಂಡ. ಜಾಲ್ಸೂರಿನ ಹತ್ತಿರ ಬಾಯಾರಿಕೆಯಾಗಿ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದೆ. ಸಿಪ್ಪೆಗೆ ಹೆಬ್ಬೆರಳು ಊರಿದ್ದೇ ನೋವು ಮೊಣಕೈವರೆಗೆ ಸೆಳೆಯಿತು. ಅವರು ಕಾರನ್ನು ಬದಿಗೆ ನಿಲ್ಲಿಸಿ, ಹಣ್ಣು ತೆಗೆದುಕೊಂಡು ಸುಲಿದು, ಒಂದೊಂದೇ ತೊಳೆ ನನ್ನ ಅಂಗೈಗೆ ಹಾಕಿದರು.

"ಸೋಮವಾರ ಎಷ್ಟು ಗಂಟೆಗೆ ಬಾಗಿಲು ತೆಗಿಬೇಕು ಮಾರಾಯ್ತಿ?"

"ಒಂಬತ್ತಕ್ಕೆ," ಎಂದೆ.