ಎಡಗೈಯ ಎರಡು ಬೆರಳು

ಸದಾಶಿವಣ್ಣನ ಎಡಗೈಯ ಎರಡು ಬೆರಳುಗಳ ತುದಿ ಸದಾ ಕಂದಿರುತ್ತಿತ್ತು. ಬೀಡಿಯ ಕಲೆಯೆಂದು ಹೊಸಬರು ತಿಳಿಯುತ್ತಿದ್ದರು. ಅದು ಶಾಖದ ಕಲೆ. ನೈರೋಬಿಯ ಹೈರಿಡ್ಜ್‌ನಲ್ಲಿ ನಮ್ಮ ಮನೆಯ ಮುಂಗೋಣೆಯಲ್ಲಿ ನನ್ನ ಈ ಅಣ್ಣ ಚೀನೀ ಸೂಜಿ ಚಿಕಿತ್ಸೆ ಮಾಡುತ್ತಿದ್ದ. ಒಣ ಮಾಚಿಪತ್ರೆಯನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಕಡ್ಡಿಗೆ ಕೆಂಡ ಹಿಡಿಸಿ, ಚರ್ಮಕ್ಕೆ ತಾಗದಂತೆ ಮೇಲೆ ಹಿಡಿದು ಶಾಖ ಕೊಡುತ್ತಿದ್ದ. ಆಗ ಎಡಗೈಯ ಎರಡು ಬೆರಳು ಆ ಜಾಗದ ಅಕ್ಕಪಕ್ಕ ಊರಿರಲೇಬೇಕು.

"ಕಾಯಿಲೆಯೋರ ಕಾಲಿಗೆ ಬಿಸಿ ಗೊತ್ತಾಗ್ದಿದ್ರೆ ನಿನ್ ಬೆರಳಿಗಾದ್ರೂ ಗೊತ್ತಾಗ್ಬೇಕಲ್ವೇನೋ" ಎನ್ನುತ್ತಿದ್ದ. ಅವನ ಗುರು, ಒಬ್ಬ ಮುದುಕ ಚೀನೀ ವೈದ್ಯ, ಮೊದಲು ಕಲಿಸಿದ್ದೇ ಅದನ್ನಂತೆ.

ನಾನು ಏಳನೇ ಕ್ಲಾಸು ದಾಟಿದವನಲ್ಲ. ನನಗೆ ತನ್ನ ಕಾಲನ್ನೇ ತೋರಿಸಿ ಪಾಠ ಮಾಡುತ್ತಿದ್ದ. "ಹಿಂದಿನ ಚೀನಾದವ್ರು ಮೈಯನ್ನ ಹೊಳೆ ಥರ ನೋಡಿದ್ರು. ಬೆರಳ ತುದಿ ಬಾವಿ, ಪಾದ ತೊರೆ, ಮೊಣಕಾಲ ಹತ್ರ ಸಮುದ್ರ. ಹರೀತಿರೋದು ಪ್ರಾಣ, ನಿಂತ್ರೆ ನೋವು." ಮೊಣಕಾಲ ಕೆಳಗೆ ನಾಲ್ಕು ಬೆರಳು ಅಳೆದು ಒತ್ತುತ್ತಿದ್ದ. "ಸುಸ್ತಾದೋರು ಇಲ್ಲಿ ಶಾಖ ತಗೊಂಡು ಇನ್ನೂ ಮೂರು ಹರದಾರಿ ನಡೀತಿದ್ರಂತೆ."

"ಹಂಗಾದ್ರೆ ನಾನು ಕೆಲಸಕ್ಕೆ ಹೋಗೋ ಮಟಾಟು ವ್ಯಾನಿಗೂ ಒಂದು ಸೂಜಿ ಚುಚ್ಚಣ್ಣ, ದಿನಾ ಕೆಟ್ಟು ನಿಲ್ಲುತ್ತೆ" ಎಂದರೆ ತಲೆಗೆ ಮೊಟಕುತ್ತಿದ್ದ.

ಸಕ್ಕರೆ ಕಾಯಿಲೆ ಅವನ ಪಾದಗಳನ್ನು ಮರಗಟ್ಟಿಸಿತ್ತು. ಭಾನುವಾರ ಅವನಿಗೆ ಶಾಖ ಕೊಡುವ ಕೆಲಸ ನನ್ನದು. ಒಂದು ಭಾನುವಾರ, ಹೊಸದಾಗಿ ಕೊಂಡಿದ್ದ ನನ್ನ ಮೊಬೈಲ್ ಬಡಿದುಕೊಂಡಿತು. ನಾನು ಕೆಲಸ ಮಾಡುತ್ತಿದ್ದ ಎಂಬಕಸಿಯ ಗೋದಾಮಿನ ಜೊತೆಗಾರ. ಅಣ್ಣ ಕಣ್ಣು ಮುಚ್ಚಿದ್ದ. ಎಡಗೈಯ ಬೆರಳು ತೆಗೆದು ಫೋನು ಹಿಡಿದೆ. "ಸವಾ, ಸವಾ", ಸರಿ ಸರಿ, ಎಂದು ಸ್ವಾಹಿಲಿಯಲ್ಲಿ ಅವನ ಮಾತಿಗೆಲ್ಲ ತಲೆಯಾಡಿಸಿ ನಗುತ್ತಿದ್ದೆ. ಬಲಗೈ ಕೆಳಗಿಳಿದದ್ದು ತಿಳಿಯಲಿಲ್ಲ.

"ಏನೋ ಸುಡ್ತಾ ಇದ್ಯಲ್ಲೋ?" ಎಂದ ಅಣ್ಣ. ಸುಡುತ್ತಿದ್ದದ್ದು ಅವನ ಪಾದ.

ಗುಳ್ಳೆ ಹುಣ್ಣಾಯಿತು, ಹುಣ್ಣು ಕಪ್ಪಾಯಿತು. ಆಸ್ಪತ್ರೆಯಲ್ಲಿ ಅತ್ತಿಗೆ, "ಹೆಂಗ್ರೀ ಸುಟ್ಕೊಂಡ್ರಿ ಇದನ್ನ?" ಎಂದು ಕೇಳಿದರು.

"ನಾನೇ ಶಾಖ ಕೊಟ್ಕೋತಿದ್ದೆ ಕಣೇ. ನಿದ್ದೆ ಬಂದ್ಬಿಡ್ತು" ಎಂದ, ನನ್ನ ಕಡೆ ನೋಡದೆ. ನಾನು ಬಾಗಿಲ ಬಳಿಯೇ ನಿಂತಿದ್ದೆ. ಮರುದಿನ ಕಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು.

ಕೊನೆಯ ಮಧ್ಯಾಹ್ನ ಅವನ ಪಕ್ಕ ನಾನೊಬ್ಬನೇ ಇದ್ದೆ. ಉಳಿದ ಕಾಲನ್ನು ಸ್ವಲ್ಪ ಸರಿಸಿ, "ಇದಕ್ಕಾದ್ರೂ ಕೊಡೋ" ಎಂದ. ಆಸ್ಪತ್ರೆಯಲ್ಲಿ ಕಡ್ಡಿ ಎಲ್ಲಿ? ನಾಲ್ಕು ಬೆರಳು ಅಳೆದು, ಎಡಗೈಯ ಎರಡು ಬೆರಳನ್ನು ಅಲ್ಲಿ ಊರಿದೆ.

"ಅಲ್ಲೇ. ತೆಗೀಬೇಡ."

ತೆಗೆಯಲಿಲ್ಲ. ನರ್ಸು ಬಂದು ನನ್ನ ಕೈ ಬಿಡಿಸಬೇಕಾಯಿತು.

ಅತ್ತಿಗೆ ಇವತ್ತಿಗೂ ಅವನ ಆ ನಿದ್ದೆಯನ್ನು ಶಪಿಸುತ್ತಾರೆ. ನಾನು ಅವರೆದುರೇ ಕೂತು ಕೇಳಿಸಿಕೊಳ್ಳುತ್ತೇನೆ.