ಹಿಡಿಕೆ ಇದ್ದ ಒಲೆ

ನಮ್ಮಪ್ಪ ಕಂಠೆಪ್ಪ ಒಂದು ಕಡೆ ಕಾಲೂರಿ ನಿಂತವನಲ್ಲ. ಗೌಂಡಿ ಕೆಲಸದಲ್ಲಿ ಅವನ ಕೈ ಚಲೋ ಎಂದು ಎಲ್ಲರೂ ಹೊಗಳುತ್ತಿದ್ದರು, ಆದರೆ ಗೋಡೆಯ ಗಿಲಾವು ಮುಗಿಯುವ ಮೊದಲೇ ಅವನ ಕಣ್ಣು ರಸ್ತೆಯ ಮೇಲಿರುತ್ತಿತ್ತು. “ಇಲ್ಲಿ ಗಾಳೀನ ಆಡೂದಿಲ್ಲ” ಅನ್ನುತ್ತಿದ್ದ. ಗೋವೆಯ ಕಡಲ ದಂಡೆಯಲ್ಲಿ ನಿಂತುಕೊಂಡೂ ಇದೇ ಮಾತು!

ಅವನನ್ನು ಕಟ್ಟಿಹಾಕಿದ್ದು ಒಂದೇ, ಒಲೆ. ಮಣ್ಣಿನ ಒಲೆ ಹಾಕಿ, ಸಾರಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಮೇಲೆ ವರ್ಷ ತುಂಬುವ ತನಕ ಆ ಒಲೆಯನ್ನು ಒಡೆಯಬಾರದು, ಬಿಟ್ಟೂ ಹೋಗಬಾರದು ಎಂದು ಅವನ ತಾಯಿ ಹೇಳಿಕೊಟ್ಟಿದ್ದಳು. ಯಾರಿಗೂ ಹೆದರದ ಅಪ್ಪ ಇದೊಂದಕ್ಕೆ ಹೆದರುತ್ತಿದ್ದ. ಅದಕ್ಕೇ ಬಾದಾಮಿ ಕಡೆಯಿಂದ ಬಂದು ಗೋವೆಯ ಕೆಪೆಯಲ್ಲಿ ಇಳಿದ ದಿನವೇ ನಮ್ಮವ್ವ ಸತ್ಯವ್ವ ಒಲೆ ಹಾಕಿದಳು. ಆ ವರ್ಷವೆಲ್ಲ ಅಪ್ಪ ಬಾಗಿಲಿನಿಂದ ರಸ್ತೆಗೆ, ರಸ್ತೆಯಿಂದ ಬಾಗಿಲಿಗೆ ತಿರುಗಿದ. ವರ್ಷ ತುಂಬಿದ ಮರುದಿನವೇ ಗಂಟು ಕಟ್ಟಿಸಿ ನಮ್ಮನ್ನು ಕಲಂಗುಟ್‌ಗೆ ಕರೆದುಕೊಂಡು ಹೋದ. ಅದು ಎಂಬತ್ತಾರನೆಯ ಇಸವಿ.

ಅಲ್ಲಿ ಅವ್ವ ಇನ್ನೂ ಮಣ್ಣು ಕಲಸಿರಲಿಲ್ಲ. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಬಿಳಿಯನೊಬ್ಬ ದಂಡೆಯ ಮೇಲೆ ಕೂತು ತಗಡಿನ ಡಬ್ಬಿಯಲ್ಲಿ ನಾಲ್ಕು ಕಡ್ಡಿ ಉರಿಸಿ ಚಹಾ ಕಾಯಿಸಿಕೊಳ್ಳುವುದನ್ನು ಅಪ್ಪ ಕಂಡ. ಚಹಾ ಕುಡಿದು, ಡಬ್ಬಿ ಆರಿದ ಮೇಲೆ ಅದನ್ನು ಚೀಲಕ್ಕೆ ತುರುಕಿ ಆ ಮನುಷ್ಯ ನಡೆದುಬಿಟ್ಟನಂತೆ. ಅಪ್ಪನಿಗೆ ಹುಚ್ಚು ಹಿಡಿಯಲು ಅಷ್ಟೇ ಸಾಕಾಯಿತು.

ಅಂದೇ ಸಂಜೆ ಕೆಲಸದ ಜಾಗದಿಂದ ಬಣ್ಣದ ಖಾಲಿ ಡಬ್ಬಿ ತಂದ. ಬಣ್ಣದ ವಾಸನೆ ಹೋಗುವ ತನಕ ಬೆಂಕಿಯಲ್ಲಿ ಸುಟ್ಟ. ಗಾಳಿ ಆಡಲೆಂದು ತಳದ ಸುತ್ತ ಮೊಳೆಯಿಂದ ತೂತು ಹೊಡೆದ. ಉರುವಲು ಹಾಕಲು ಪಕ್ಕದಲ್ಲಿ ಉಳಿಯಿಂದ ಬಾಯಿ ಕೊರೆದ, ಪಾತ್ರೆ ಕೂರಲು ಮೇಲೆ ಮೂರು ತುಂಡು ಕಬ್ಬಿಣದ ಸರಳು ಇಟ್ಟ. ಕೊನೆಗೆ ಸರಳು ಬಿಗಿಯುವ ತಂತಿಯನ್ನೇ ಹೊಸೆದು ಹಿಡಿಕೆ ಮಾಡಿದ. ತೆಂಗಿನ ಸಿಪ್ಪೆ ಹಾಕಿದರೆ ಭುಗಿಲೆಂದು ಉರಿಯುತ್ತಿತ್ತು.

ಅವ್ವ ಕುಂಕುಮದ ಭರಣಿ ತಂದಳು.

“ಡಬ್ಬಿಗೇನ ಪೂಜಿ? ಇಡು ಒಳಗ” ಅಂದ ಅಪ್ಪ.

ಆಮೇಲೆ ನಮ್ಮ ಬಾಳು ಆ ಹಿಡಿಕೆಗೆ ಜೋತುಬಿತ್ತು. ಕಲಂಗುಟ್‌ನಲ್ಲಿ ನನ್ನನ್ನು ಶಾಲೆಯ ಒಂದನೇ ಇಯತ್ತೆಗೆ ಹಾಕಿದರು, ದೀಪಾವಳಿಗೆ ಬಿಡಿಸಿದರು. ವಾಸ್ಕೊದಲ್ಲಿ ಮತ್ತೆ ಒಂದನೇ ಇಯತ್ತೆ, ಸಂಕ್ರಾಂತಿಗೆ ಬಿಡಿಸಿದರು. ಮುಂದಿನ ಜೂನಿಗೆ ಪರ್ವರಿಗೆ ಬಂದಾಗ ಮೂರನೆಯ ಸಲ ಒಂದನೇ ಇಯತ್ತೆ. ನನಗಿಂತ ಗೇಣು ಗಿಡ್ಡ ಇದ್ದ ಮಕ್ಕಳ ನಡುವೆ ಕೂತು ಅದೇ ಅಕ್ಷರ ತಿದ್ದುತ್ತಿದ್ದೆ. ಅಪ್ಪನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ ಆ ಡಬ್ಬಿಯನ್ನು ಎತ್ತಿ ಬಾವಿಗೆ ಒಗೆಯಬೇಕು ಅನಿಸುತ್ತಿತ್ತು. ಅವ್ವನ ಸಂಕಟ ಬೇರೆ. ಡಬ್ಬಿಯ ಮೇಲ್ಬಾಯಿ ಸಣ್ಣದು, ರೊಟ್ಟಿಯ ಹಂಚು ದೊಡ್ಡದು. ಜೋಳದ ರೊಟ್ಟಿ ನಡುವೆ ಕರಕಲಾಗುತ್ತಿತ್ತು, ಅಂಚಿಗೆ ಹಸಿ ಉಳಿಯುತ್ತಿತ್ತು.

ಮಳೆ ನಿಂತ ಮೇಲೆ ಅಪ್ಪನ ಕಾಲು ಮತ್ತೆ ತುರಿಸತೊಡಗಿತು. ಕೆಲಸ ನೋಡಿ ಬರುತ್ತೇನೆಂದು ಕೆಪೆ ಕಡೆ ಹೋದವನು ಬಂದದ್ದು ನಾಲ್ಕನೆಯ ದಿನ ಬೆಳಿಗ್ಗೆ.

“ಲಾರಿ ನಿಂತೈತಿ, ಲಗೂನ ಹೊಂಡ್ರಿ” ಎನ್ನುತ್ತಲೇ ಒಳಗೆ ಬಂದು, ಬಗ್ಗಿ, ಹಿಡಿಕೆ ಹಿಡಿದು ಎಳೆದ. ತಂತಿ ಕೈಗೆ ಕಿತ್ತು ಬಂತು. ಒಲೆ ಅಲುಗಲಿಲ್ಲ.

ಅವ್ವ ಡಬ್ಬಿಯ ಸುತ್ತ ಕೆಂಪು ಮಣ್ಣು ಮೆತ್ತಿದ್ದಳು. ಭತ್ತದ ಹೊಟ್ಟು ಕಲಸಿದ ಮಣ್ಣು, ಮೊಳದಗಲ, ಮೇಲೆ ಹಂಚು ಕೂರಲು ಮಣ್ಣಿನವೇ ಮೂರು ಉಬ್ಬು ಗುಬ್ಬಿ. ಸೆಗಣಿಯಲ್ಲಿ ಸಾರಿಸಿ ಅರಿಶಿನ ಕುಂಕುಮ ಹಚ್ಚಿದ್ದಳು.

“ಪೂಜಿ ಮಾಡೇನ್ರಿ” ಅಂದಳು. “ವರ್ಷ ತುಂಬಲಿ.”

“ಡಬ್ಬಿಗೇನ ಪೂಜಿ?”

“ಡಬ್ಬಿ ಎಲ್ಲೈತಿ? ತೋರಸ್ರಿ.”

ಅಪ್ಪ ಕೈಯಲ್ಲಿದ್ದ ತಂತಿಯನ್ನು ನೋಡಿದ. ಹೊರಗೆ ಲಾರಿಯವನು ಎರಡು ಸಲ ಹಾರ್ನ್ ಹೊಡೆದು ಹೋಗಿಬಿಟ್ಟ. ಅವ್ವ ರೊಟ್ಟಿ ಬಡಿದು ಹಾಕಿದಳು. ಅಂಚಿನ ತನಕ ಬೆಂದಿತ್ತು. ಅಪ್ಪ ತಿಂದ, ಇನ್ನೊಂದಕ್ಕೆ ತಟ್ಟೆ ಮುಂದೆ ಸರಿಸಿದ.

ಆಮೇಲಿನ ತಿಂಗಳುಗಳಲ್ಲಿ ನಾನು ಶಾಲೆಯಲ್ಲಿ ಕೂತರೂ ಜೀವವೆಲ್ಲ ಮನೆಯಲ್ಲೇ. ಅಪ್ಪ ದಿನಾ ಹೆದ್ದಾರಿಗೆ ಹೋಗಿ ನಿಂತು ಬರುತ್ತಿದ್ದ, ಮಾತಿಗೆ ಮುಂಚೆ ರೇಗುತ್ತಿದ್ದ. ಇಂದು ಒಡೆಯುತ್ತಾನೆ, ನಾಳೆ ಒಡೆಯುತ್ತಾನೆ ಎಂದು ನನಗೆ ಭಯ. ಪರೀಕ್ಷೆಗೆ ವಾರ ಇದೆ ಅನ್ನುವಾಗ ಒಂದು ಮಧ್ಯಾಹ್ನ ಶಾಲೆಯಿಂದ ಬಂದೆ, ಅವ್ವ ನೀರಿಗೆ ಹೋಗಿದ್ದಳು. ಅಪ್ಪ ಗಿಲಾವು ಮಾಡುವ ಕರಣಿ ಹಿಡಿದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

“ಅಪ್ಪಾ, ಬ್ಯಾಡೋ!” ಎಂದು ಕೂಗಿ ಅವನ ಕೈ ಹಿಡಿದೆ. ಕೈ ತುಂಬ ಹಸಿ ಮಣ್ಣಿತ್ತು.

“ಸೀಳು ಬಿಟ್ಟಿತ್ತು, ಮುಚ್ಚಾಕತ್ತೇನಿ” ಅಂದ. “ನಿಮ್ಮವ್ವಗ ಹೇಳಬ್ಯಾಡ.”

ಜೂನಿನಲ್ಲಿ ಪರ್ವರಿಯ ಅದೇ ಶಾಲೆಯಲ್ಲಿ ನಾನು ಎರಡನೇ ಇಯತ್ತೆಗೆ ಕೂತೆ.